ಮೀಸೆಗೆ ಒಗ್ಗದ ಮಾಸ್ಕು

ಆ ಗುರುವಾರ ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಸಿದೆ. ಅತ್ತೆಗೆ ಬಿಸಿನೀರು ಕೊಟ್ಟು ಎದೆಯ ಮಾತ್ರೆ ನುಂಗಿಸಿದೆ. ನೀರು ಬಿಡುವ ದಿನವಾದ್ದರಿಂದ ಸಂಪು ತುಂಬುವ ತನಕ ಕಾದಿದ್ದು ಮೋಟಾರು ಹಾಕಿದೆ. ರಾಗಿ ಹಿಟ್ಟು ಜರಡಿ ಹಿಡಿದೆ. ನೆನೆಸಿದ ಕಡಲೆಕಾಳಿನ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟೆ. ಅತ್ತೆಯ ಎರಡು ಸೀರೆ ಒಗೆದು ಮಹಡಿಯ ಮೇಲೆ ಹರವಿದೆ. ಎಂಟೂವರೆಗೆ ತಿಂಡಿ ಮುಗಿಯಿತು, ಚಪಾತಿ ಮತ್ತು ಬದನೆಕಾಯಿ ಪಲ್ಯ. ಒಂಬತ್ತಕ್ಕೆ ಸೀರೆ ಬದಲಿಸಿ, "ಕಣ್ಣಿನ ಡಾಕ್ಟರ ಹತ್ರ ಹೋಗ್ಬರ್ತೀವಿ ಅತ್ತೆ" ಎಂದು ಸುಳ್ಳು ಹೇಳಿ, ಗಂಡನ ಜೊತೆ ಶಿವಾಜಿನಗರದ ಬಸ್ಸು ಹತ್ತಿದೆ. ನೀರಿನಲ್ಲಿ ಮುಖವಿಟ್ಟು ನೋಡಲು ಒಂದು ಮಾಸ್ಕು, ಉಸಿರು ಎಳೆದುಕೊಳ್ಳಲು ಒಂದು ಕೊಳವೆ, ಎರಡನ್ನೂ ಕೊಳ್ಳಬೇಕಿತ್ತು. ಐವತ್ತೆರಡು ವರ್ಷದ ನನಗೂ ಐವತ್ತೆಂಟಾದ ಅವರಿಗೂ ಈಜುಕೊಳದ ಮೆಟ್ಟಿಲಿಳಿದೂ ಗೊತ್ತಿರಲಿಲ್ಲ.

ಕಾರಣ ಅತ್ತೆಯ ಗುಂಡಿನ ಸರ. ಅದು ಅವರ ತವರಿನದು, ದಪ್ಪ ಹತ್ತಿಯ ದಾರದಲ್ಲಿ ಪೋಣಿಸಿದ ಬಂಗಾರದ ಗುಂಡುಗಳು, ನಡುವೆ ಒಂದು ಪದಕ. ಮಾವ ತೀರಿಕೊಂಡ ಮೇಲೆ ಅತ್ತೆ ಅದನ್ನು ಹಾಕಿಕೊಂಡಿಲ್ಲ. ವರ್ಷಕ್ಕೊಮ್ಮೆ ಗೌರಿ ಹಬ್ಬದಲ್ಲಿ ಮಣ್ಣಿನ ಗೌರಿಯ ಕೊರಳಿಗೆ ಹಾಕುತ್ತೇವೆ. ಐದನೆಯ ದಿನ ಗೌರಿಯನ್ನೂ ಗಣೇಶನನ್ನೂ ನೀರಿಗೆ ಬಿಡುವ ಮೊದಲು ತೆಗೆದು, ಅಂಟುವಾಳದ ನೀರಿನಲ್ಲಿ ತೊಳೆದು ಪೆಟ್ಟಿಗೆಗಿಡುತ್ತೇವೆ. ಇದರಲ್ಲಿ ನಮ್ಮ ಮನೆಯದೊಂದು ಕ್ರಮವುಂಟು. ಗೌರಿಯನ್ನು ಮುಟ್ಟಿ ಎಲ್ಲ ಮಾಡುವವಳು ಮುತ್ತೈದೆಯಾದ ನಾನು, ಮಾಡಿಸುವವರು ಅತ್ತೆ. ಅವರು ಹೊಸ್ತಿಲಾಚೆ ಮಣೆಯ ಮೇಲೆ ಕೂತು ಒಂದೊಂದಾಗಿ ಕೂಗಿ ಹೇಳುತ್ತಾರೆ. "ದೀಪ ತುಂಬ್ಸು. ಹೂವ ತೆಗಿ. ಸರ ತೆಗಿ. ಬುತ್ತಿ ಕಟ್ಟು. ಈಗ ಎತ್ತು." ಮಾವ ಹೋದ ಮೇಲಿನ ಇಪ್ಪತ್ತು ವರ್ಷವೂ ಅವರು ಕೂಗಿದಂತೆ ನನ್ನ ಕೈ ಆಡಿದೆ. ಕೈಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಆ ಪಟ್ಟಿಯನ್ನು ನಾನಾಗಿ ಒಂದು ದಿನವೂ ನೆನಪಿಟ್ಟುಕೊಂಡಿರಲಿಲ್ಲ.

ಈ ವರ್ಷ ಅತ್ತೆ ಮಣೆಯ ಮೇಲೆ ಇರಲಿಲ್ಲ. ಹಿಂದಿನ ವರ್ಷ ಎದೆಗೆ ಸ್ಟೆಂಟ್ ಹಾಕಿಸಿದ ಮೇಲೆ ಬಂದ ಮಾತ್ರೆಗಳು ಅವರನ್ನು ಹೊತ್ತಲ್ಲದ ಹೊತ್ತಿನಲ್ಲಿ ಮಲಗಿಸುತ್ತವೆ. ಮಲಗಿದವರನ್ನು ಎಬ್ಬಿಸುವುದು ಬೇಡವೆಂದು ನಾನೇ ಎಲ್ಲ ಮಾಡಿದೆ. ಸೇವಂತಿಗೆ ಹಾರ, ಗೆಜ್ಜೆವಸ್ತ್ರ, ಮಲ್ಲಿಗೆ ದಂಡೆ, ಒಂದರ ಮೇಲೊಂದು ಇದ್ದವು, ಎಲ್ಲಕ್ಕೂ ಅಡಿಯಲ್ಲಿ ಸರ. ಮೇಲಿನೆರಡು ತೆಗೆದೆ. ಕೂಗುವ ದನಿ ಇರಲಿಲ್ಲ, ಕೈ ನಿಂತುಬಿಟ್ಟಿತು. ಬುತ್ತಿ ಕಟ್ಟಿದೆ, ಎತ್ತಿದೆ.

ಬಿಟ್ಟದ್ದು ನಮ್ಮ ಕುಂಟೆಯಲ್ಲಿ. ರಾಮಮೂರ್ತಿ ನಗರ ಎಂಬ ಹೆಸರು ಹುಟ್ಟುವ ಮೊದಲೇ ನಮ್ಮ ಹಳ್ಳಿ ಅಲ್ಲಿತ್ತು. ಹೊಲಗಳು ಸೈಟುಗಳಾಗಿ ಹೋದವು. ಕುಂಟೆ ಮಾತ್ರ ಯಾರಿಗೂ ಬೇಡವಾಗಿ ಮೂರು ಅಪಾರ್ಟ್‌ಮೆಂಟುಗಳ ಬೆನ್ನಿಗೆ ಉಳಿದಿದೆ. ಊರವರೆಲ್ಲ ಈಗ ಬೀದಿಗೆ ಬರುವ ಗಾಡಿಯ ತೊಟ್ಟಿಯಲ್ಲಿ ಗಣೇಶನನ್ನು ಮುಳುಗಿಸುತ್ತಾರೆ. ಅತ್ತೆಯದು ಒಂದೇ ಮಾತು: "ಪ್ಲಾಸ್ಟಿಕ್ ತೊಟ್ಟೀಲಿ ಅದ್ದಕ್ಕೆ ಅವಳೇನು ಒಗಿಯೋ ಬಟ್ಟೇನಾ?" ತೊಟ್ಟಿಯಲ್ಲೇ ಬಿಟ್ಟಿದ್ದರೆ ಅರ್ಧ ಗಂಟೆಯಲ್ಲಿ ಸರ ಸಿಗುತ್ತಿತ್ತು.

ಸಂಜೆ ಪೆಟ್ಟಿಗೆ ತೆಗೆದಾಗ ಗೊತ್ತಾಯಿತು. ನಮ್ಮವರು ಮೊದಲು ಹೇಳಿದ ಮಾತು, "ಅವ್ವಂಗೆ ಹೇಳ್ಬೇಡ." ಗಾಬರಿಯಾಗುವ ಯಾವ ಸುದ್ದಿಯನ್ನೂ ಅವರ ಕಿವಿಗೆ ಹಾಕಬೇಡಿ ಎಂದು ಡಾಕ್ಟರು ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು ಹೇಳಿದ್ದರು. ಮೂರನೆಯ ದಿನ ಅತ್ತೆಯೇ ಕೇಳಿದರು.

"ಸರ ತೊಳ್ದಿಟ್ಯಾ?"

"ಲಾಕರಿಗೆ ಇಟ್ಬಂದೆ ಅತ್ತೆ."

"ಹೂಂ" ಎಂದರು. ಆಮೇಲೆ ಒಂದು ದಿನವೂ ಅದರ ಮಾತು ಎತ್ತಲಿಲ್ಲ. ಒಂದು ಸೌಟು ಕಾಣದಿದ್ದರೆ ಮೂರು ಸಲ ಕೇಳುವ ಹೆಂಗಸು. ಆ ಸುಮ್ಮನಿರುವಿಕೆ ಮನೆಯಲ್ಲಿ ನನ್ನ ಹಿಂದೆಯೇ ತಿರುಗಾಡುತ್ತಿತ್ತು.

ನಮ್ಮವರಿಗೆ ವಿಮಾನಪುರದ ಕಾರ್ಖಾನೆಯಲ್ಲಿ ಕೆಲಸ, ಮೂವತ್ತನಾಲ್ಕು ವರ್ಷ ತಗಡು ಕೂಡಿಸಿದ್ದಾರೆ. ಕೈಯಿಂದ ಆಗದ್ದು ಯಾವುದೂ ಇಲ್ಲ ಎಂಬ ನಂಬಿಕೆ ಅವರದು. ರಜೆ ಹಾಕಿ ನಾಲ್ಕು ಬೆಳಿಗ್ಗೆ ಕುಂಟೆಗೆ ಇಳಿದರು. ಎದೆಮಟ್ಟದ ನೀರು. ಕಾಲಲ್ಲಿ ತಡವಿ ನೋಡಿದರು, ಮರಳು ಸೋಸುವ ಜರಡಿಯಿಂದ ಕೆಸರು ಬಾಚಿದರು. ಹಸಿರು ಬಳೆಚೂರು, ಯಾರದೋ ಗಣೇಶನ ಕಬ್ಬಿಣದ ಸರಳು, ಒಂದು ಚಪ್ಪಲಿ ಸಿಕ್ಕವು. ಸರಳು ಅಂಗಾಲಿಗೆ ಚುಚ್ಚಿ ಇಂಜೆಕ್ಷನ್ ಆಯಿತು. ನೀರು ಅಲುಗದಿದ್ದಾಗ ತಳ ಹಸಿರಾಗಿ ಕಾಣುತ್ತಿತ್ತು. ಒಂದು ಹೆಜ್ಜೆ ಇಟ್ಟರೆ ಕೆಸರು ಎದ್ದು ಅರ್ಧ ಗಂಟೆ ಏನೂ ಕಾಣದು. ಹೆಜ್ಜೆ ಇಡದೆ ನೀರಿನ ಮೇಲೆ ಬೋರಲು ತೇಲುತ್ತ ನೋಡಬೇಕು ಎಂದು ಅವರಿಗೆ ಹೊಳೆದದ್ದು ಹೀಗೆ. ಹತ್ತಿಯ ದಾರ ನೀರಿನಲ್ಲಿ ಎಷ್ಟು ದಿನ ತಾಳೀತು? ದಾರ ಹರಿದರೆ ಒಂದೊಂದು ಗುಂಡು ಒಂದೊಂದು ದಿಕ್ಕಿಗೆ.

ಇನ್ನೂ ಒಂದಿತ್ತು. ಹಿಂದೊಮ್ಮೆ ಯಾರೋ ಜೆಸಿಬಿ ತಂದು ಕುಂಟೆಯಿಂದ ಮಣ್ಣು ಹೊತ್ತೊಯ್ದಿದ್ದರು. ಆ ಗುಂಡಿ ನೀರಿನಡಿ ಎಲ್ಲೋ ಇದೆ. ಎಲ್ಲಿ, ಎಷ್ಟು ಆಳ, ಯಾರೂ ಹೇಳಲಾರರು. ಎರಡು ಬೇಸಿಗೆ ಹಿಂದೆ ಒಂದು ಎಮ್ಮೆ ನೀರಿಗಿಳಿದು ನಡೆಯುತ್ತ ನಡೆಯುತ್ತ ಇಲ್ಲವಾಯಿತು.

ಶಿವಾಜಿನಗರದ ಬಸ್ ನಿಲ್ದಾಣದ ಹಿಂದೆ, ಗುಜರಿಯ ಹಳೆಯ ಗೇರ್‌ಬಾಕ್ಸುಗಳ ಸಾಲು ದಾಟಿದರೆ ಒಂದು ಗಲ್ಲಿ. ಅಲ್ಲಿ ಈಜುವ ಸಾಮಾನಿನ ಅಂಗಡಿ ಇದೆಯೆಂದು ಕಾರ್ಖಾನೆಯ ಗೆಳೆಯರು ಹೇಳಿದ್ದರು. ಎರಡಾಳು ನಿಲ್ಲುವಷ್ಟೇ ಜಾಗ. ಗೋಡೆಯ ತುಂಬ ಮಾಸ್ಕುಗಳು, ಮುಖವಿಲ್ಲದ ಕಣ್ಣುಗಳ ಹಾಗೆ. ಬಿಳಿ ಗಡ್ಡದ, ಮೀಸೆ ಬೋಳಿಸಿದ ಸಾಹೇಬರು ಚಹಾದ ಲೋಟ ಕೆಳಗಿಟ್ಟರು.

"ಆಯಿಯೇ, ಬನ್ನಿ. ನನ್ ಹತ್ರ ಎರಡೇ ಥರ ಗಿರಾಕಿ ಸಾರ್. ಅಂಡಮಾನ್‌ಗೆ ಹೋಗೋ ಹೊಸ ಜೋಡಿ, ಇಲ್ಲಾಂದ್ರೆ ಕೆರೆಯಿಂದ ಹೆಣ ತೆಗಿಯೋರು. ನೀವು ಜೋಡಿ ಹೌದು, ಹೊಸದಲ್ಲ."

ನಮ್ಮವರು ನಕ್ಕರು. ನನಗೆ ನಗು ಬರಲಿಲ್ಲ.

"ಹೆಣ ಅಲ್ಲ ಸಾಹೇಬ್ರೇ, ಬಂಗಾರ. ಒಂದು ಸರ. ನೀರು ಇಷ್ಟೇ ಇದೆ" ಎಂದು ಎದೆ ಮುಟ್ಟಿ ತೋರಿಸಿದರು.

"ಹೆಣ ತೆಗಿಯೋರೂ ಹಂಗೇ ಹೇಳ್ತಾರೆ. ಇಷ್ಟೇ ನೀರು, ಇಷ್ಟೇ ನೀರು." ಅವರು ತಮ್ಮ ಎದೆಯನ್ನೂ ಮುಟ್ಟಿಕೊಂಡರು. "ಇಷ್ಟು ನೀರೇ ಸಾರ್ ಜಾಸ್ತಿ ಜನರನ್ನ ತಿಂದಿರೋದು. ಆಳದ ನೀರಿಗೆ ಜನ ಹೆದರ್ತಾರೆ."

ನಮ್ಮವರು ಜೇಬಿನಿಂದ ಹಿಂದಿನ ವಾರ ಹಲಸೂರಿನಲ್ಲಿ ಕೊಂಡ ಈಜುಗನ್ನಡಕ ತೆಗೆದರು. ಕಣ್ಣಿನ ಸುತ್ತ ಕೆಂಪು ಬಳೆ ಮೂಡಿಸಿದ್ದು ಬಿಟ್ಟರೆ ಅದು ಏನೂ ಮಾಡಿರಲಿಲ್ಲ. ಸಾಹೇಬರು ಅದನ್ನು ಬೆರಳ ತುದಿಯಿಂದ ಎತ್ತಿ ನೋಡಿ ಪಕ್ಕಕ್ಕಿಟ್ಟರು.

"ಇದು ಮಕ್ಕಳಿಗೆ. ಮೂಗು ಹೊರಗಿರುತ್ತೆ, ನೀರು ಕುಡಿಯುತ್ತೆ. ಮೂಗೂ ಒಳಗೆ ಬರ್ಬೇಕು. ಕೆಳಗೆ ಹೋದಾಗ ಕಣ್ಣು ಎಳಿಯುತ್ತಲ್ಲ, ಆಗ ಮೂಗಿಂದ ಸ್ವಲ್ಪ ಗಾಳಿ ಬಿಟ್ರೆ ಸಡಿಲ ಆಗುತ್ತೆ."

ಇಡೀ ಮುಖ ಮುಚ್ಚುವ ದೊಡ್ಡದೊಂದನ್ನು ನಮ್ಮವರು ಗೋಡೆಯಿಂದ ಇಳಿಸಿದರು. ಅವರಿಗೆ ಅದರ ಮೇಲೆ ಮನಸ್ಸು. ಸಾಹೇಬರು ಕಿತ್ತುಕೊಂಡೇ ಬಿಟ್ಟರು. "ಇದು ಮೇಲೆ ತೇಲ್ತಾ ಮೀನು ನೋಡೋರಿಗೆ. ಮುಳುಗೋ ಯೋಚ್ನೆ ಇದ್ರೆ ಇದನ್ನ ಮುಟ್ಬೇಡಿ. ನೀರು ತುಂಬಿದ್ರೆ ಮುಖದಿಂದ ಕೀಳೋದ್ರೊಳಗೆ ಆಟ ಮುಗಿಯುತ್ತೆ."

ಆಮೇಲೆ ನಾಲ್ಕು ಮಾಸ್ಕು ಗಲ್ಲಾದ ಮೇಲೆ ಸಾಲಾಗಿ ಬಂದವು. ಒಂದರ ಗಾಜು ಗಾಜಲ್ಲ, ಪ್ಲಾಸ್ಟಿಕ್ಕು. ಉಗುರಿನಿಂದ ಗೀರಿದರೆ ಗೆರೆ ಬಿತ್ತು. ಇನ್ನೊಂದರ ಅಂಚು ಗಡಸು ರಬ್ಬರು. ಮೂರನೆಯದು ಮತ್ತು ನಾಲ್ಕನೆಯದರ ಅಂಚು ಸಿಲಿಕೋನಿನದು, ಮಗುವಿನ ಕಿವಿಯ ಹಾಗೆ ಮೆತ್ತಗೆ. ಮೂರನೆಯದು ಕಪ್ಪು, ನಾಲ್ಕನೆಯದು ನೀರಿನ ಬಣ್ಣ. ಕೊಳಕು ನೀರಿಗೆ ನೀರಿನ ಬಣ್ಣದ್ದೇ ಸರಿ, ಪಕ್ಕದಿಂದಲೂ ಬೆಳಕು ಬರುತ್ತದೆ ಎಂದರು. ಕೊಳವೆಯದು ಬೇಗ ಮುಗಿಯಿತು. ಬಾಗಿದ ಸಾದಾ ಕೊಳವೆ, ತಳದಲ್ಲಿ ಒಳಬಂದ ನೀರನ್ನು ಊದಿ ಹೊರಹಾಕುವ ಒಂದು ಕವಾಟ, ಅಷ್ಟೇ. ನಮ್ಮವರು ಮೊಳ ಹಾಕಿ ನೋಡಿದರು. ಒಂದು ಮೊಳವೂ ಇರಲಿಲ್ಲ.

"ಇದಕ್ಕಿಂತ ಉದ್ದದ್ದು ಇಲ್ವಾ? ಎರಡು ಮೊಳ ಇದ್ರೆ ಕೆಳಗೇ ಕೂತು ಹುಡುಕ್ಬಹುದು."

"ಇಲ್ಲ. ಯಾರೂ ಮಾಡಲ್ಲ. ಕೆಳಗೆ ಹೋದ್ರೆ ನೀರು ಎದೆ ಮೇಲೆ ಕೂರುತ್ತೆ, ಗಾಳಿ ಎಳಿಯೋಕಾಗಲ್ಲ. ಬಿಟ್ಟ ಉಸಿರನ್ನೇ ವಾಪಸ್ ಕುಡೀತೀರ. ಪೈಪ್ ಉದ್ದ ಮಾಡ್ಬೇಡಿ ಸಾರ್, ಕೈ ಮುಗೀತೀನಿ."

ನಮ್ಮವರು ತಲೆಯಾಡಿಸಿದರು. ಆ ತಲೆಯಾಡಿಸುವಿಕೆ ನನಗೆ ಗೊತ್ತು. ಅದು ಒಪ್ಪಿದ್ದಲ್ಲ, ಅಳತೆ ಹಾಕುತ್ತಿರುವುದು.

ಈಗ ಮುಖಕ್ಕೆ ಹೊಂದಬೇಕಲ್ಲ. ಪಟ್ಟಿ ಕಟ್ಟದೆ ಮಾಸ್ಕನ್ನು ಮುಖಕ್ಕೆ ಇಟ್ಟುಕೊಂಡು ಮೂಗಿನಿಂದ ಉಸಿರು ಎಳೆಯಬೇಕು, ಕೈಬಿಟ್ಟು ತಲೆ ಬಗ್ಗಿಸಬೇಕು. ಅಂಟಿಕೊಂಡು ನಿಂತರೆ ನಿಮ್ಮದು, ಬಿದ್ದರೆ ಅಲ್ಲ. ನಮ್ಮವರು ಎಳೆದರು, ಬಗ್ಗಿದರು. ಸಾಹೇಬರ ಅಂಗೈಗೆ ಬಿತ್ತು. ಇನ್ನೊಂದು ಸಲ, ಮತ್ತೂ ಬಿತ್ತು. ಕಪ್ಪನೆಯದೂ ಬಿತ್ತು. ಸಾಹೇಬರು ನನ್ನ ಕೈಗೆ ಕೊಟ್ಟರು. ನಾನು ಎಳೆದುಕೊಂಡ ಕೂಡಲೇ ಅದು ಯಾರೋ ಅಂಗೈ ಒತ್ತಿ ಹಿಡಿದ ಹಾಗೆ ಮುಖಕ್ಕೆ ಕೂತಿತು. ಒಂದು ಗಳಿಗೆ ಉಸಿರು ಸಿಗದೆ ಗಾಬರಿಯಾಗಿ ಕಿತ್ತು ತೆಗೆದೆ.

"ಮಾಸ್ಕ್ ತಪ್ಪಿಲ್ಲ" ಎಂದು ಸಾಹೇಬರು ತಮ್ಮ ಮೇಲ್ದುಟಿ ಸವರಿಕೊಂಡರು. "ಸಾರ್ ಮೀಸೆ. ಕೂದಲ ಸಂದೀಲಿ ಗಾಳಿ, ಆಮೇಲೆ ನೀರು. ತೆಗ್ದುಬಿಡಿ ಸಾರ್, ತಿಂಗಳಲ್ಲಿ ಬೆಳಿಯುತ್ತೆ."

ನಮ್ಮವರ ಮುಖದ ನಗು ಹೋಯಿತು. "ಅದಾಗಲ್ಲ. ನಮ್ಮವ್ವ ಇದಾರೆ."

ಸಾಹೇಬರಿಗೆ ಅರ್ಥವಾಗಲಿಲ್ಲ. ನಾನು ಹೇಳಬೇಕಾಯಿತು. ನಮ್ಮಲ್ಲಿ ಗಂಡುಮಕ್ಕಳು ಮೀಸೆ ತೆಗೆಯುವುದು ಅಪ್ಪ ಹೋದಾಗ, ಅವ್ವ ಹೋದಾಗ. ಮಾವ ಹೋದಾಗ ಇವರು ಒಮ್ಮೆ ತೆಗೆದಿದ್ದರು. ಅವ್ವ ಬದುಕಿರುವಾಗ ತೆಗೆದರೆ ಏನನ್ನೋ ಬಾ ಎಂದು ಕರೆದಂತೆ.

ಸಾಹೇಬರು ಎದೆಗೆ ಕೈಯಿಟ್ಟುಕೊಂಡರು. "ಮಾಫ್ ಮಾಡಿ ಅಮ್ಮಾ. ತಾಯಿ ನೂರು ವರ್ಷ ಇರ್ಲಿ. ಹಂಗಾದ್ರೆ ಮೀಸೆಗೆ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಮೆತ್ತಿ ನೋಡಿ." ನೀರಿನ ಬಣ್ಣದ ಮಾಸ್ಕನ್ನು ಕಾಗದದಲ್ಲಿ ಸುತ್ತಿ ಕೊಟ್ಟು, ಬಾಗಿಲಿನ ತನಕ ಬಂದು, "ಒಬ್ಬರೇ ಇಳೀಬೇಡಿ" ಎಂದರು.

ಶುಕ್ರವಾರ, ಶನಿವಾರ ಬಚ್ಚಲಿನಲ್ಲಿ ಪರೀಕ್ಷೆ ನಡೆಯಿತು. ಒಳಗೆ ಚಿಲಕ ಹಾಕಿಕೊಂಡು, ದೊಡ್ಡ ಬಾನಿಯಲ್ಲಿ ನೀರು ತುಂಬಿ ತಲೆ ಅದ್ದುವುದು, ಎಣಿಸುವುದು. ಮೀಸೆಗೆ ಜೆಲ್ಲಿ ಮೆತ್ತಿದರು, ಇಪ್ಪತ್ತು ಎಣಿಸುವುದರೊಳಗೆ ಮೂಗಿನ ತನಕ ನೀರು. ಹರಳೆಣ್ಣೆ ಸೇರಿಸಿ ಮೆತ್ತಿದರು, ಮೂವತ್ತು. ಕತ್ತರಿಯಿಂದ ಮೂಗಿನಡಿ ಒಂದು ಗೆರೆಯಷ್ಟು ಕತ್ತರಿಸಿಕೊಂಡು ನೋಡಿದರು. ಐವತ್ತರ ತನಕ ತಾಳಿತು, ಮೀಸೆ ಮಾತ್ರ ಇಲಿ ಕಡಿದ ಹಾಗಾಯಿತು.

ಹೊರಗಿನಿಂದ ಅತ್ತೆಯ ದನಿ. "ಏನ್ಲಾ, ಒಂದ್ ಗಂಟೆಯಿಂದ ಬಚ್ಚಲಲ್ಲೇ ಮನೆ ಮಾಡ್ಕೊಂಡ್ಯಾ?"

"ಹೊಟ್ಟೆ ಸರಿಯಿಲ್ಲ ಕಣವ್ವ."

"ನಿನ್ ಹೆಂಡ್ತೀದೂ ಸರಿಯಿಲ್ವಾ?"

ನಾನೂ ಒಳಗೆ ಇದ್ದೆ, ಬಾನಿಯ ಪಕ್ಕ ಎಣಿಸುತ್ತ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವರು ಮತ್ತೆ ಬಚ್ಚಲಿಗೆ ಹೋದರು. ಪಿತೃಪಕ್ಷ ಶುರುವಾಗಿ ಐದಾರು ದಿನವಾಗಿತ್ತು. ಆ ದಿನಗಳಲ್ಲಿ ಕ್ಷೌರ ಮಾಡಿಸದ ಮನೆ ನಮ್ಮದು. ಬಾಗಿಲು ತೆಗೆದಾಗ ಟವೆಲು ಬಾಯಿಗೆ ಒತ್ತಿಕೊಂಡಿದ್ದರು. ಇಳಿಸಿದರು. ಮಾವನನ್ನು ಸುಟ್ಟ ದಿನ ನೋಡಿದ ಮುಖವೇ ಮತ್ತೆ ಬಂದು ನನ್ನೆದುರು ನಿಂತಿತ್ತು. ಆಗಿನಿಂದ ಈಗಿಗೆ ಇಪ್ಪತ್ತು ವರ್ಷ ಹೆಚ್ಚು ವಯಸ್ಸಾಗಿತ್ತು ಅದಕ್ಕೆ.

"ಏನ್ ರೀ ಮಾಡ್ಕೊಂಡ್ರಿ!"

"ಮೆಲ್ಲಗೆ ಮಾತಾಡೇ. ನೆಗಡಿ ಅಂತ ಹೇಳಿ ಬಟ್ಟೆ ಮಾಸ್ಕ್ ಹಾಕ್ಕೊಂಡು ತಿರುಗ್ತೀನಿ ಒಂದ್ ತಿಂಗಳು. ಕೊರೊನಾದಾಗ ವರ್ಷಗಟ್ಟಲೆ ಹಾಕಿರ್ಲಿಲ್ವಾ? ಅವ್ವಂಗೆ ಗೊತ್ತಾಗಲ್ಲ."

ಅತ್ತೆ ಮುಂದಿನ ಪಡಸಾಲೆಯಲ್ಲಿ ದಂಟಿನ ಸೊಪ್ಪು ಬಿಡಿಸುತ್ತ ಕೂತಿದ್ದರು. ನಾವು ಹಿಂದಿನ ಮೆಟ್ಟಿಲು ಇಳಿದು ಹೋದೆವು.

ಕುಂಟೆಯ ದಂಡೆಯಲ್ಲಿ ಒಂದು ಹೊಂಗೆ ಮರ. ನೂಲಿನ ಹಗ್ಗದ ಒಂದು ತುದಿ ಮರಕ್ಕೆ, ಇನ್ನೊಂದು ಅವರ ಸೊಂಟಕ್ಕೆ, ನಡುವಿನದು ನನ್ನ ಕೈಯಲ್ಲಿ. ಒಂದು ಸಲ ಜಗ್ಗಿದರೆ ಚೆನ್ನಾಗಿದ್ದೇನೆ, ಎರಡು ಸಲ ಜಗ್ಗಿದರೆ ಎಳೆ. ಬಿಸಿಲು ನೆತ್ತಿಗೆ ಬರುತ್ತಿತ್ತು. ನೀರು ಅಲುಗದೆ ಹಸಿರು ಗಾಜಿನ ಹಾಗಿತ್ತು. ಬಟ್ಟೆ ಮಾಸ್ಕನ್ನು ಕೊಂಬೆಗೆ ಸಿಕ್ಕಿಸಿ, ಗಾಜಿನ ಒಳಗೆ ಉಗುಳು ಸವರಿ ತೊಳೆದು ಮುಖಕ್ಕೆ ಏರಿಸಿಕೊಂಡರು. ಈ ಸಲ ಅದು ಕಚ್ಚಿ ಕೂತಿತು. ಹುಡುಗನಾಗಿದ್ದಾಗ ಇದೇ ಕುಂಟೆಯಲ್ಲಿ ಕಲಿತ ಹಾಗೆ ಬೋರಲು ತೇಲಿಕೊಂಡು ಮೆಲ್ಲಗೆ ಹೋದರು, ಬೆನ್ನು ಮಾತ್ರ ಮೇಲೆ. ಸುಮ್ಮನೆ ನೋಡಿದರೆ, ಯಾರಾದರೂ ಪೊಲೀಸರಿಗೆ ಫೋನು ಮಾಡುವ ಹಾಗೆ ಕಾಣುತ್ತಿತ್ತು. ಕೊಳವೆಯ ತುದಿಯಿಂದ ಉಸಿರಿನ ಸದ್ದು ಬರುತ್ತಿತ್ತು. ನಾನು ಆ ಸದ್ದನ್ನೇ ಹಿಡಿದುಕೊಂಡು ನಿಂತಿದ್ದೆ.

ಮುಕ್ಕಾಲು ಗಂಟೆಯ ಮೇಲೆ ತಲೆ ಎತ್ತಿ ಕೂಗಿದರು. "ಕಾಣ್ತಾ ಇದೆ ಕಣೇ! ಗೌರಿ ಪೀಠದ ಮಣ್ಣು ಹಂಗೇ ಇದೆ. ಪಕ್ಕದಲ್ಲಿ ಹಳದಿ ಹೊಳೀತಾ ಇದೆ. ಆದ್ರೆ ಗುಂಡಿ ಅಂಚಿನಿಂದ ಒಳಗೆ ಜಾರಿದೆ. ಎರಡು ಮೊಳ ಕೆಳಗೆ, ಅಷ್ಟೇ."

ಗುಂಡಿ ಇದ್ದದ್ದು ನಾವು ಪ್ರತಿ ವರ್ಷ ಗೌರಿ ಬಿಡುವ ಕಡೆಯಿಂದ ನಾಲ್ಕು ಹೆಜ್ಜೆಗೆ.

ದಂಡೆಗೆ ಬಂದು ಚೀಲದಿಂದ ಗಿಡಕ್ಕೆ ನೀರು ಹಾಕುವ ಹಸಿರು ಪೈಪಿನ ತುಂಡು ತೆಗೆದರು. ಕೊಳವೆಯ ಬಾಯಿಗೆ ಅದನ್ನು ಸೇರಿಸುವ ಕ್ಲಿಪ್ಪೂ ತಯಾರಿತ್ತು. ಕಾರ್ಖಾನೆಯ ಕೆಲಸದ ಹಾಗೆ ಚೊಕ್ಕವಾಗಿತ್ತು.

"ಸಾಹೇಬ್ರು ಕೈ ಮುಗಿದು ಹೇಳಿದ್ರಲ್ಲ ರೀ."

"ಅವರು ಮಾರೋರು. ನಾನು ಮಾಡೋನು."

ಪೈಪಿನ ತುದಿಯನ್ನು ತೇಲುವ ಡಬ್ಬಿಗೆ ಕಟ್ಟಿ ಮುಳುಗಿದರು. ಹಗ್ಗ ಒಂದು ಸಲ ಜಗ್ಗಿತು. ನಾನು ಬಾಯಿಯಲ್ಲಿ ಎಣಿಸತೊಡಗಿದೆ. ಹತ್ತು. ಇಪ್ಪತ್ತು. ಡಬ್ಬಿ ಅಲ್ಲೇ ಇತ್ತು, ಪೈಪಿನಿಂದ ಸದ್ದು ಮಾತ್ರ ಬರುತ್ತಿರಲಿಲ್ಲ. ನಲವತ್ತು. ಒಂದು ಕಾಗೆ ಹೊಂಗೆಯ ಮೇಲಿಂದ ಹಾರಿ ಡಬ್ಬಿಯ ಮೇಲೆ ಕೂರಲು ಬಂದು, ಕೂರದೆ ಹೋಯಿತು. ಹಗ್ಗ ಎರಡು ಸಲ ಜಗ್ಗಲಿಲ್ಲ, ಒಂದು ಸಲವೂ ಜಗ್ಗಲಿಲ್ಲ. ಸುಮ್ಮನೆ ಭಾರವಾಯಿತು. ನಾನು ಕಾಲನ್ನು ಮರದ ಬೇರಿಗೆ ಒತ್ತಿ ಹಿಡಿದು ಎಳೆದೆ. ನನ್ನ ಕೈಯಲ್ಲಿ ಅಷ್ಟು ಶಕ್ತಿಯಿದೆಯೆಂದು ನನಗೇ ತಿಳಿದಿರಲಿಲ್ಲ. ಅವರು ಮೇಲೆ ಬಂದಾಗ ತುಟಿ ನೇರಳೆಹಣ್ಣಿನ ಬಣ್ಣವಾಗಿತ್ತು, ಮೀಸೆಯಿಲ್ಲದ್ದರಿಂದ ಅದು ಪೂರ್ತಿ ಕಾಣುತ್ತಿತ್ತು. ದಂಡೆಯಲ್ಲಿ ಬಗ್ಗಿ ವಾಂತಿ ಮಾಡಿಕೊಂಡರು.

"ಜಗ್ಗಬೇಕು ಅಂತ ನೆನಪೇ ಬರ್ಲಿಲ್ಲ ಕಣೇ. ಹಾಯಾಗಿತ್ತು. ನಿದ್ದೆ ಬಂದಂಗೆ."

ಪೈಪನ್ನು ನಾನು ಕಿತ್ತು ಮುಳ್ಳಿನ ಪೊದೆಗೆ ಎಸೆದೆ. ಮನೆಗೆ ಹೋಗೋಣ ಎಂದೆ. ಅವರು ಹತ್ತು ನಿಮಿಷ ಕೂತು, "ಕಂಡಿದ್ದನ್ನ ಬಿಟ್ಟು ಹೆಂಗ್ ಹೋಗ್ಲಿ" ಎಂದು ಮತ್ತೆ ಇಳಿದರು. ಈ ಸಲ ಕೊಳವೆಯನ್ನೂ ಬಿಟ್ಟು, ಎದೆ ತುಂಬ ಉಸಿರು ಹಿಡಿದು, ತಲೆ ಕೆಳಗಾಗಿ. ಹದಿನೇಳು ಎಣಿಸುವಷ್ಟರಲ್ಲಿ ಮೇಲೆ ಬಂದರು. ಮುಷ್ಟಿ ಬಿಚ್ಚಲಿಲ್ಲ. ಬಿಚ್ಚಿದಾಗ ಸರ ಇತ್ತು. ದಾರ ಒಂದು ಕಡೆ ಹರಿದು ಏಳೆಂಟು ಗುಂಡು ಹೋಗಿದ್ದವು. ಸಿಕ್ಕಿತೆಂಬ ಸಂತೋಷ ಬರಬೇಕಾದ ಜಾಗದಲ್ಲಿ ಅದು ಬರಲಿಲ್ಲ. ಬೇಗ ಮನೆ ಸೇರಬೇಕು, ಅಷ್ಟೇ ಅನ್ನಿಸುತ್ತಿತ್ತು.

ಆ ಅವಸರದಲ್ಲೇ ತಪ್ಪಾಯಿತು. ಬಟ್ಟೆ ಮಾಸ್ಕು ಕೊಂಬೆಯಲ್ಲೇ ಉಳಿಯಿತು. ಹಿಂದಿನ ಗೇಟಿಗೆ ಯಾರೋ ಕಾರು ಅಡ್ಡ ನಿಲ್ಲಿಸಿದ್ದರು. ಮುಂದಿನ ಬೀದಿಯಿಂದಲೇ ಬರಬೇಕಾಯಿತು. ಹೇಗೆ ಬಂದೆವೆಂದು ಈಗ ಹೊರಗಿನವಳಾಗಿ ನೋಡಿಕೊಳ್ಳುತ್ತೇನೆ. ಮುಂದೆ ಇವರು, ಒದ್ದೆ ಪಂಚೆ, ಬರಿಮೈ, ಹೆಗಲ ಮೇಲೆ ಒದ್ದೆ ಟವೆಲು, ಬೋಳು ತುಟಿ, ತಲೆ ತಗ್ಗಿಸಿಕೊಂಡು. ಹಿಂದೆ ನಾನು, ಮೊಣಕಾಲ ತನಕ ನೆನೆದ ಸೀರೆ, ಅತ್ತು ಕೆಂಪಾದ ಕಣ್ಣು. ಅದೂ ಪಕ್ಷದ ದಿನಗಳಲ್ಲಿ, ನೀರಿನ ಕಡೆಯಿಂದ.

ಕೆಳಗಿನ ಬಾಡಿಗೆ ಮನೆಯಾಕೆ ಬಟ್ಟೆ ಒಣಗಿಸುತ್ತಿದ್ದಳು. ತಮಿಳಿನವಳು, ಅತ್ತೆಯನ್ನು ಅಜ್ಜಿ ಅನ್ನುವ ಹಾಗೆ ಪಾಟಿ ಎಂದೇ ಕರೆಯುವಳು, ಅವರ ಮೇಲೆ ಜೀವ. ನಮ್ಮನ್ನು ನೋಡಿದವಳು ಬಕೆಟ್ಟು ಬಿಟ್ಟು ಬಾಯಿಗೆ ಕೈ ಹಿಡಿದಳು.

"ಅಯ್ಯೋ ಅಕ್ಕಾ! ಎಪ್ಪೋ, ಯಾವಾಗ ಅಕ್ಕಾ? ನಾನು ಕೆಳಗೇ ಇದೀನಿ, ಒಂದು ಮಾತು ಹೇಳ್ಬಾರ್ದಾ? ನಿನ್ನೆ ಸಾಯಂಕಾಲ ಕೂಡ ಪಾಟಿ ನಂಗೆ ಕರಿಬೇವು ಕೊಟ್ರಲ್ಲಾ!" ಎಂದವಳೇ ಎದೆ ಬಡಿದುಕೊಂಡು ಗಟ್ಟಿಯಾಗಿ ಅಳತೊಡಗಿದಳು.

ನಾನು "ಇಲ್ಲಮ್ಮಾ, ಇಲ್ಲ, ಸುಮ್ನಿರು" ಎಂದದ್ದು ಆ ಅಳುವಿನಲ್ಲಿ ಮುಳುಗಿಹೋಯಿತು. ಎದುರಿನ ದಿನಸಿ ಅಂಗಡಿಯವರು ಏನೂ ಕೇಳದೆ ಷಟರನ್ನು ಅರ್ಧ ಎಳೆದರು. ಇಬ್ಬರು ಹೆಂಗಸರು ಗೇಟಿನ ತನಕ ಬಂದು ಸೆರಗು ಹೊದ್ದರು. ಹೂ ಮಾರುವಾಕೆ ಬುಟ್ಟಿ ಇಳಿಸಿದಳು.

ಮೇಲಿನ ಬಾಗಿಲಲ್ಲಿ ಅತ್ತೆ ಗೋಡೆ ಹಿಡಿದು ನಿಂತಿದ್ದರು. ಕೈಯಲ್ಲಿ ಇನ್ನೂ ಸೊಪ್ಪಿನ ದಂಟು.

"ಯಾರಮ್ಮಾ ಹೋಗಿದ್ದು?"

ಬಾಡಿಗೆ ಮನೆಯಾಕೆ ಅವರನ್ನು ನೋಡಿ ಒಂದು ಕೂಗು ಹಾಕಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಮಿಕ್ಕವರೆಲ್ಲ ಕಲ್ಲಾದರು. ಅತ್ತೆ ಒಬ್ಬೊಬ್ಬರ ಮುಖ ನೋಡುತ್ತ ಬಂದು, ಕೊನೆಗೆ ಮಗನ ಮುಖದ ಮೇಲೆ ಕಣ್ಣು ನಿಲ್ಲಿಸಿದರು.

"ಹತ್ರ ಬಾರ್ಲಾ."

ನಮ್ಮವರು ಮೆಟ್ಟಿಲು ಹತ್ತಿ ಎದುರಿಗೆ ನಿಂತರು. ಅತ್ತೆ ಕೈಯೆತ್ತಿ ಅವರ ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ಕೈಯನ್ನು ತಲೆಯ ಮೇಲೆ ಆಡಿಸಿದರು.

"ತಲೆ ಬಿಟ್ಟಿದೀಯ" ಎಂದರು. "ಅದಕ್ಕಾದ್ರೂ ನಾನು ಹೋಗೋಗಂಟ ಕಾಯ್ತೀಯೇನೋ."

"ಅವ್ವ, ಸರ ನೀರಿಗೆ ಹೋಗಿತ್ತು. ನಿಂಗೆ ಗೊತ್ತಾಗ್ಬಾರ್ದು ಅಂತ..." ಮುಷ್ಟಿ ಬಿಚ್ಚಿ ತೋರಿಸಿದರು.

ಅತ್ತೆ ಸರವನ್ನು ನೋಡಿದರು, ಮುಟ್ಟಲಿಲ್ಲ.

"ಗೊತ್ತು ಕಣ್ಲಾ. ಲಾಕರ್ ಬೀಗದ ಕೈ ನನ್ ಸೊಂಟದಲ್ಲೇ ಐತೆ. ನಿನ್ ಹೆಂಡ್ತಿ ಯಾವ ಲಾಕರಿಗೆ ಇಟ್ಲು?" ನನ್ನ ಕಡೆ ತಿರುಗಲೂ ಇಲ್ಲ. "ನಾನು ಕೂಗ್ಲಿಲ್ಲ, ಅವಳು ತೆಗೀಲಿಲ್ಲ. ಗೌರಿ ಹಾಕ್ಕೊಂಡು ಹೋದ್ಲು. ಹೋಗ್ಲಿ ಬಿಡು, ಕೊಟ್ಟಂಗಾಯ್ತು ಅಂತ ಸುಮ್ನಿದ್ದೆ. ಅವಳ ಕೊರಳಿಂದ ಕಿತ್ಕೊಂಡು ಬಂದೀರಲ್ಲೋ. ಅದರ ಬದ್ಲು ಏನೂ ಎತ್ಕೊಳ್ದೆ ಬಿಟ್ಟಾಳಾ?"

ಅತ್ತೆಯೇ ಕೆಳಗೆ ನೋಡಿ, "ಅತ್ತಿದ್ದು ಅತ್ತಾಯ್ತು, ಮೇಲೆ ಬಾ, ಕಾಫಿ ಕುಡ್ಕೊಂಡು ಹೋಗು" ಎಂದು ಬಾಡಿಗೆ ಮನೆಯಾಕೆಯನ್ನು ಕರೆದರು. ಅವಳು ಬಂದಳು, ಬಿಕ್ಕುತ್ತಲೇ ಅವರ ಕಾಲು ಮುಟ್ಟಿದಳು. ಅಂಗಡಿಯವರು ಷಟರು ಮೇಲಕ್ಕೆತ್ತಿದ ಸದ್ದು ಕೇಳಿಸಿತು.

ನಮ್ಮಿಬ್ಬರ ಸ್ನಾನಕ್ಕೆ ಬಿಸಿನೀರು ಕಾಯಿಸಿದೆ. ಒದ್ದೆ ಬಟ್ಟೆ ಹಿಂಡಿ ಹಾಕಿದೆ. ಸರವನ್ನು ಎಲ್ಲಿಡಲಿ ಎಂದು ಕೇಳಿದ್ದಕ್ಕೆ ಅತ್ತೆ, "ದೇವರ ಮುಂದಿಡು, ಪೆಟ್ಟಿಗೆಗೆ ಬೇಡ" ಎಂದರು. ಎದೆ ಹೇಗಿದೆ ಅತ್ತೆ ಎಂದೆ. "ಇದೆ" ಎಂದರು.

ಮೂರು ಗಂಟೆಗೆ ಊಟಕ್ಕೆ ಕೂತೆವು. ಮುದ್ದೆ, ದಂಟಿನ ಸೊಪ್ಪಿನ ಸಾರು, ಕರಿದ ಹಪ್ಪಳ, ಅನ್ನ, ಮಜ್ಜಿಗೆ. ಅತ್ತೆ ಅರ್ಧ ಮುದ್ದೆ ಉಂಡು, ಉಳಿದರ್ಧವನ್ನು ತಾವೇ ಎತ್ತಿ ಮಗನ ತಟ್ಟೆಗೆ ಹಾಕಿದರು. ಎಂದೂ ಹಾಗೆ ಮಾಡಿದವರಲ್ಲ. ನಮ್ಮವರು ಅದನ್ನು ಉಂಡರು. ನಾನು ಒಂದು ತುತ್ತು ಅನ್ನ, ಎರಡು ಲೋಟ ಮಜ್ಜಿಗೆ. ಕೈ ತೊಳೆದು ಬರುವಷ್ಟರಲ್ಲಿ ಎಲ್ಲರಿಗಿಂತ ಮೊದಲು ಅತ್ತೆ ಮಲಗಿದ್ದರು, ಗೋಡೆಯ ಕಡೆ ಮುಖ ಮಾಡಿಕೊಂಡು. ನಮ್ಮವರು ಮಂಚದ ಪಕ್ಕ ಚಾಪೆ ಹಾಸಿಕೊಂಡರು. ಅವರು ಮಲಗಲಿಲ್ಲ, ನಾನೂ ಮಲಗಲಿಲ್ಲ, ಅತ್ತೆಯ ಉಸಿರಿನ ಸದ್ದನ್ನೇ ಎಣಿಸುತ್ತ ಕೂತೆವು.